ಎಡಗಡೆ ಬಾಗಿಲಿನ ಜುರ್ ಸದ್ದು

ಚಾಮರಾಜಪೇಟೆ, ಬೆಂಗಳೂರು
೧೪-೧೧-೧೯೯೭, ಶುಕ್ರವಾರ ಬೆಳಿಗ್ಗೆ

ಪ್ರೀತಿಯ ಮುನಿಯಮ್ಮನಿಗೆ,

ಮೂವತ್ತು ವರ್ಷದಲ್ಲಿ ಒಂದು ದಿನವೂ ಹೀಗೆ ಕರೆಯದ ಗಂಡ ಈಗ ಕಾಗದದಲ್ಲಿ ಪ್ರೀತಿ ತೋರಿಸುತ್ತಿದ್ದಾನೆ ಎಂದು ಸೆರಗು ಬಾಯಿಗಿಟ್ಟುಕೊಂಡು ನಗಬೇಡ. ಕಾಗದವನ್ನು ಹೀಗೇ ಶುರುಮಾಡಬೇಕು ಎಂದು ನಮ್ಮೂರ ಸ್ಕೂಲಿನಲ್ಲಿ ಕಲಿಸಿದ್ದರು, ನನಗೆ ಬೇರೆ ತರಹ ಬರುವುದಿಲ್ಲ. ನಿನ್ನ ಮಂಡಿನೋವು ಹೇಗಿದೆ? ಬಾಣಂತಿಗೆ ನೀರು ಹೊಯ್ಯುವ ಭರದಲ್ಲಿ ನೀನೇ ಮೂಲೆ ಹಿಡಿಯಬೇಡ. ಮಗಳು ಯಶಶ್ರೀ ಹೊಟ್ಟೆ ತುಂಬ ಉಣ್ಣುತ್ತಿದ್ದಾಳಾ, ಇಲ್ಲಾ ಪಥ್ಯದ ಊಟ ಕಂಡು ಮೂತಿ ತಿರುಗಿಸುತ್ತಿದ್ದಾಳಾ? ಡಾಕ್ಟರು ಪ್ರಯಾಣ ಬೇಡ ಎನ್ನದಿದ್ದರೆ ಹೆರಿಗೆ ಇಲ್ಲೇ ಆಗುತ್ತಿತ್ತು, ನೀನೂ ಇಲ್ಲೇ ಇರುತ್ತಿದ್ದೆ, ನನಗೆ ಈ ಪಾಡು ಬರುತ್ತಿರಲಿಲ್ಲ. ಮೊಮ್ಮಗ ನನ್ನ ಹಾಗೇ ಅಳುತ್ತಾನೆ ಎಂದು ಫೋನಿನಲ್ಲಿ ಹೇಳಿದೆಯಲ್ಲ, ನಾನು ಯಾವಾಗ ಅತ್ತೆ, ನೀನು ಯಾವಾಗ ಕೇಳಿದೆ? ಈಗ ಬರೆಯುತ್ತಿರುವುದನ್ನೂ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಬೀಗರ ಮನೆಯ ಫೋನು ನಡುಮನೆಯಲ್ಲಿ ಕೂತಿದೆ, ನಾನು ಫೋನಿನಲ್ಲಿ ಮಾತಾಡಿದರೆ ಅರ್ಧ ತುಮಕೂರಿಗೆ ಕೇಳಿಸುತ್ತದೆ ಎಂದು ನೀನೇ ಬೈಯುತ್ತೀಯ. ಅಂಗಡಿಯ ಶೀನಣ್ಣ ಪೇಂಟಿನ ಆರ್ಡರು ಹಿಡಿಯಲು ಇವತ್ತು ಆ ಕಡೆ ಹೊರಟಿದ್ದಾನೆ, ಅವನ ಕೈಲಿ ಇದನ್ನು ಕಳಿಸುತ್ತಿದ್ದೇನೆ.

ನಾನು ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ ಎಂದುಕೋ. ನಿಜ ಹೇಳಬೇಕೆಂದರೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಈ ನಾಲ್ಕು ಸಾಲು ಬರೆಯುವಷ್ಟರಲ್ಲೇ ಎದ್ದು ಗೇಟಿನ ತನಕ ಹೋಗಿ ಕಾರು ನೋಡಿಕೊಂಡು ಬಂದೆ. ನೀನು ಇದ್ದಾಗ ಈ ಮನೆಯಲ್ಲಿ ಮಾತು ಓಡಾಡುತ್ತಿದ್ದದ್ದೇ ನಿನ್ನ ಮೂಲಕ. ನಾನು 'ನಿನ್ನ ಮಗನಿಗೆ ಹೇಳು, ನೀರಿನ ಮೋಟ್ರು ಆಫ್ ಮಾಡ್ಲಿ' ಅನ್ನುವುದು, ಅಭಿ ಪಕ್ಕದಲ್ಲೇ ನಿಂತು 'ಆಗ್ಲೇ ಮಾಡಿದೀನಿ ಅಂತ ಹೇಳಮ್ಮ' ಅನ್ನುವುದು, ನೀನು ಒಗ್ಗರಣೆ ಹಾಕುತ್ತಾ 'ನಿಮ್ಮಿಬ್ರಿಗೂ ಕಿವಿ ಇಲ್ವಾ, ನನ್ನನ್ಯಾಕೆ ಸಾಯಿಸ್ತೀರಿ' ಅನ್ನುವುದು. ಈಗ ಆ ಪೋಸ್ಟಾಫೀಸೇ ತುಮಕೂರಿಗೆ ಹೋಗಿ ಕೂತಿದೆ. ನಾನು ಮುದ್ದೆ ತಿರುವುತ್ತೇನೆ, ಅವನು ಸಾರು ಮಾಡುತ್ತಾನೆ. ಸಾರಿಗೆ ಉಪ್ಪು ಬಿದ್ದಿದೆಯಾ ಎಂದು ಕೇಳುವಂತಿಲ್ಲವಲ್ಲ, ಅವನೂ ಹಾಕುತ್ತಾನೆ, ನಾನೂ ಹಾಕುತ್ತೇನೆ, ಆಮೇಲೆ ಇಬ್ಬರೂ ಮುಖ ಕಿವುಚಿಕೊಂಡು ಉಣ್ಣುತ್ತೇವೆ. ಮಜ್ಜಿಗೆ ಇರುವುದರಿಂದ ಬದುಕಿದ್ದೇವೆ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಬರೆಯದಿದ್ದರೆ ಹೊಟ್ಟೆಯೊಳಗೇ ಕುದಿಯುತ್ತದೆ. ಹೋದ ವರ್ಷ ಗಣಪತಿ ಪೆಂಡಾಲಿನಲ್ಲಿ ನಾನು ಅವನಿಗೆ ಹೇಳಿದ್ದು ಒಂದೇ ಮಾತು. 'ಬಿ.ಕಾಂ. ಓದ್ಸಿದ್ದು ಮೈಕ್ ಕಂಬ ಹೊರಕ್ಕಾ?' ಎಂದೆ. ನಮ್ಮ ಅಂಗಡಿಯ ಗಲ್ಲಾದಲ್ಲಿ ಕೂರಬೇಕಾದ ಒಬ್ಬನೇ ಮಗ ಆರ್ಕೆಸ್ಟ್ರಾದವರ ವೈರು ಸುತ್ತುತ್ತಾ ನಿಂತಿದ್ದರೆ ಯಾವ ಅಪ್ಪ ಬಾಯಿ ಮುಚ್ಚಿಕೊಂಡಿರುತ್ತಾನೆ? ಹತ್ತು ಜನರ ಎದುರು ಅನ್ನಬಾರದಿತ್ತು ಎಂದು ನೀನು ಮುಖ ಊದಿಸಿಕೊಂಡೆ. ಜನ ಬಂದು ನಿಂತದ್ದು ನನ್ನ ತಪ್ಪಾ? ಅವನು ಮಾರನೆಯ ದಿನವೇ ಹೋಗಿ ಉಪ್ಪಾರಪೇಟೆಯ ಮೈಕ್ ಸೆಟ್ಟಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಅವತ್ತಿನಿಂದ ಅವನು ನನ್ನನ್ನು ಅಪ್ಪ ಎಂದಿಲ್ಲ, ನಾನೂ ಅವನ ಹೆಸರು ಹಿಡಿದು ಕೂಗಿಲ್ಲ.

ಅದಕ್ಕೇ ಅಲ್ಲವೇ ನೀನು ಬಸ್ಸು ಹತ್ತುವಾಗ ಆ ಷರತ್ತು ಹಾಕಿದ್ದು. 'ನಾಮಕರಣಕ್ಕೆ ಇಬ್ರೂ ಒಂದೇ ಕಾರಲ್ಲಿ ಬರೋದಾದ್ರೆ ಬನ್ನಿ. ಒಬ್ರು ಕಾರಲ್ಲಿ, ಒಬ್ರು ಬಸ್ಸಲ್ಲಿ ಬರೋದಾದ್ರೆ ಇಬ್ರೂ ಬರ್ಬೇಡಿ, ಬೀಗರ ಮುಂದೆ ನನ್ನ ಮಾನ ಕಳೀಬೇಡಿ.' ನಾಡಿದ್ದು ಭಾನುವಾರ ನಾಮಕರಣ. ಸೋದರಮಾವ ಇಲ್ಲದ ನಾಮಕರಣ ಉಂಟೇ? ತಾತ ಇಲ್ಲದೆ ಆಗಲಿ ಎಂದರೆ ನನಗಂತೂ ಸಹಿಸಲಾಗುವುದಿಲ್ಲ. ಆದರೆ ತುಮಕೂರಿಗೆ ಎರಡು ಗಂಟೆಯ ದಾರಿ. ಆ ಡಬ್ಬಿಯಂಥ ಫಿಯಟ್ಟಿನಲ್ಲಿ ಅಪ್ಪ ಮಗ ಅಕ್ಕಪಕ್ಕ ಕೂತು, ತುಟಿ ಹೊಲಿದುಕೊಂಡು, ಹಾದಿಬದಿಯ ಮೈಲಿಗಲ್ಲು ನೋಡಿಕೊಂಡು ಬರುವುದನ್ನು ನೆನೆಸಿಕೊಂಡೇ ನಾನು ಬೆವತುಹೋಗಿದ್ದೆ. ಅವನಿಗೂ ಹಾಗೇ ಆಗಿರಬೇಕು. ಹೋದ ಭಾನುವಾರ ನೋಡುತ್ತೇನೆ, ಕಾರಿನ ಮುಂದಿನ ಎರಡು ಬಾಗಿಲಿಗೂ ಹೊಸ ಸ್ಪೀಕರು ಹಾಕುತ್ತಾ ಕೂತಿದ್ದಾನೆ! ನನ್ನನ್ನು ಕೇಳಲಿಲ್ಲ, ಕೇಳುವುದಾದರೂ ಹೇಗೆ? ಹಳೆಯವು ಅಂಗೈಯಗಲ ಇದ್ದವು, ಇವು ತಿಂಡಿ ತಟ್ಟೆಯಷ್ಟಿವೆ. ದಾರಿಯುದ್ದಕ್ಕೂ ಜೋರಾಗಿ ಹಾಡು ಕೇಳುತ್ತಿದ್ದರೆ ಮಾತಾಡುವ ಪ್ರಮೇಯವೇ ಬರುವುದಿಲ್ಲ ಎಂಬ ಲೆಕ್ಕಾಚಾರ. ಪರವಾಗಿಲ್ಲ, ಬುದ್ಧಿವಂತ ಎಂದುಕೊಂಡೆ, ನನಗೂ ಮನಸ್ಸು ಹಗುರಾಯಿತು.

ಹಾಕಿದ್ದೇನೋ ಆಯಿತು, ಸದ್ದು ಕೆಟ್ಟುಹೋಯಿತು. ಹಳೆಯ ಸ್ಪೀಕರಿನಲ್ಲಿ ಗಟ್ಟಿಯಾಗಿ ಕೇಳುತ್ತಿದ್ದ ಹರಿಕಥೆ ಕ್ಯಾಸೆಟ್ಟು ಹೊಸದರಲ್ಲಿ ಪೇಲವ. ದಾಸರ ಗಂಟಲಿಗೆ ಶೀತ ಹಿಡಿದಂತೆ, ಮೃದಂಗ ಎಲ್ಲೋ ಪಕ್ಕದ ಬೀದಿಯಲ್ಲಿ ನುಡಿಯುತ್ತಿರುವಂತೆ. ಸಾಲದ್ದಕ್ಕೆ ಸ್ವಲ್ಪ ಜೋರು ಮಾಡಿದರೆ ಎಡಗಡೆ ಬಾಗಿಲು ಜುರ್ ಎಂದು ಅದುರುತ್ತದೆ. ಸೋಮವಾರ ಕೆಲಸದಿಂದ ಬಂದವನೇ ಅವನು ಅದರ ಬೆನ್ನು ಬಿದ್ದ. ಟೇಪಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿದ. ಸ್ಕ್ರೂ ಬಿಗಿ ಮಾಡಿದ. ಸ್ಪೀಕರಿಗೂ ತಗಡಿಗೂ ನಡುವೆ ಗಾಳಿ ಆಡಬಾರದು ಎಂದು ಸುತ್ತ ಫೋಮು ಅಂಟಿಸಿದ. ತಮ್ಮ ಅಂಗಡಿಯಿಂದ ಬೇರೆ ಟೇಪು ತಂದು ತಗುಲಿಸಿ ನೋಡಿದ. ಏನು ಮಾಡಿದರೂ ಅದೇ ಹಣೆಬರಹ. ನಮ್ಮ ಬೀದಿಯಲ್ಲಿ ಹೋಗುವವರು ಬರುವವರೆಲ್ಲ ನಿಂತು ಒಂದೊಂದು ಔಷಧಿ ಹೇಳಿದರು. ಇಲ್ಲೊಂದು ವಿಷಯ ಬರೆಯಲೇಬೇಕು. ಅವನಿಗೆ ಹರಿಕಥೆ ಎಂದರೆ ಆಗುವುದಿಲ್ಲ, ನಿನಗೇ ಗೊತ್ತು. ಆದರೂ ಪರೀಕ್ಷೆ ಮಾಡಲು ಅವನು ಪ್ರತಿ ಸಲವೂ ಹಾಕುತ್ತಿದ್ದದ್ದು ನನ್ನ ಕ್ಯಾಸೆಟ್ಟನ್ನೇ. ನಾನು ಜಗಲಿಯಲ್ಲಿ ಪೇಪರು ಅಡ್ಡ ಹಿಡಿದುಕೊಂಡು ನೋಡುತ್ತಿದ್ದೆ.

ಮೊದಲ ದಿನ ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಊರಿಗೆಲ್ಲ ಸೌಂಡು ಕೊಡುವ ಸಾಹೇಬರು ಮನೆಯ ಕಾರಿನಲ್ಲಿ ಸೋತರಲ್ಲ! ಎದುರುಮನೆಯ ಚಂದ್ರಶೇಖರಯ್ಯ ಮೇಷ್ಟ್ರು ಗೇಟಿನ ಹತ್ತಿರ ಬಂದಾಗ, ಅವನಿಗೆ ಕೇಳಲೆಂದೇ, 'ಮೇಷ್ಟ್ರೇ, ಹಳೇವೇ ಚೆನ್ನಾಗಿದ್ವು ಅಂತ ಹೇಳಿ ಅವ್ನಿಗೆ' ಎಂದೆ. ಪಾಪ, ಮೇಷ್ಟ್ರು ನಿನ್ನ ಕೆಲಸ ವಹಿಸಿಕೊಂಡರು. ಆದರೆ ನಿನ್ನಷ್ಟು ಜಾಣತನ ಅವರಿಗೆ ಎಲ್ಲಿಂದ ಬರಬೇಕು? ನೀನಾದರೆ ನನ್ನ ಮಾತಿನ ಮುಳ್ಳು ತೆಗೆದು ಆ ಕಡೆ ದಾಟಿಸುತ್ತಿದ್ದೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಸಿಬಿಟ್ಟರು. ಅಭಿಯ ಮುಖ ಇಷ್ಟೇ ಇಷ್ಟಾಯಿತು. ಮತ್ತೆ ಬಾಗಿಲಿನ ಕಡೆ ತಿರುಗಿದ. ಬುಧವಾರ ಕೈಯಲ್ಲಿದ್ದ ಸ್ಕ್ರೂಡ್ರೈವರು ಕೆಳಗೆ ಹಾಕಿ, 'ನಾಳೆ ಹಳೇವನ್ನೇ ವಾಪಸ್ ಹಾಕ್ಬಿಡ್ತೀನಿ ಅಂತ ಹೇಳಿ ಮೇಷ್ಟ್ರೇ. ನಾನು ಬಸ್ಸಲ್ಲಿ ಹೋಗ್ತೀನಿ' ಎಂದು ಒಳಗೆ ಹೋದ. ಬಸ್ಸು! ಅವನು ಬಸ್ಸಿನಲ್ಲಿ ಬಂದರೆ ನೀನು ನನ್ನನ್ನು ಹೊಸ್ತಿಲು ದಾಟಿಸುವುದಿಲ್ಲ, ಮೊಮ್ಮಗನ ಮುಖ ನೋಡುವುದು ಯಾವಾಗ? ಅದು ಹಾಗಿರಲಿ, ಅವನು ಹೆಗಲು ಬಿಟ್ಟುಕೊಂಡು ಒಳಗೆ ಹೋದದ್ದನ್ನು ನನ್ನ ಕೈಲಿ ನೋಡಲಾಗಲಿಲ್ಲ ಕಣೇ. ಮಾರನೆಯ ದಿನ ಅಂಗಡಿಯಲ್ಲಿ ಸಿಮೆಂಟು ಕೇಳಿದವರಿಗೆ ಸುಣ್ಣ ತೋರಿಸಿದೆನಂತೆ. ಶೀನಣ್ಣ, 'ಮನೆಗೆ ಹೋಗಿ ಅಣ್ಣಾ, ನಾನು ನೋಡ್ಕೋತೀನಿ' ಎಂದು ಗದರಿ ಕಳಿಸಿದ.

ಅದು ನಿನ್ನೆಯ ಮಾತು. ಬಂದವನೇ ಕಾರಿನಲ್ಲಿ ಕೂತು ಟೇಪಿನಲ್ಲಿ ತಿರುಗುವುದನ್ನೆಲ್ಲ ತಿರುಗಿಸಿದೆ. ಸದ್ದನ್ನು ಎಡಗಡೆಗೋ ಬಲಗಡೆಗೋ ತಳ್ಳುವ ಒಂದು ಗುಂಡಿ ಇದೆ. ಪೂರ್ತಿ ಎಡಕ್ಕೆ ತಿರುಗಿಸಿದರೆ, ಆ ಜುರ್ ಒಂದನ್ನು ಬಿಟ್ಟು, ದಾಸರು ಎದುರಿಗೇ ಬಂದು ಕೂತಂತೆ. ಪೂರ್ತಿ ಬಲಕ್ಕೆ ತಿರುಗಿಸಿದರೆ ಅಲ್ಲೂ ಚೊಕ್ಕ ಗಂಟಲು. ಮಧ್ಯಕ್ಕೆ ತಂದು ಎರಡೂ ಒಟ್ಟಿಗೆ ಹಾಡಲಿ ಎಂದರೆ ದಾಸರು ಮಂಗಮಾಯ. ಅಷ್ಟರಲ್ಲಿ ಅಭಿ ಬಂದ, ಕೈಯಲ್ಲಿ ಹಳೆಯ ಸ್ಪೀಕರು. ಹೇಳಬೇಕು, ಯಾರ ಮೂಲಕ ಹೇಳಲಿ? ಮೇಷ್ಟ್ರು ವಾಕಿಂಗಿಗೆ ಹೋಗಿದ್ದರು. ನಾನು ಸ್ಟೀರಿಂಗನ್ನೇ ನೋಡಿಕೊಂಡು, 'ಏನ್ ಕಾರಪ್ಪಾ ನೀನು! ಒಂದೊಂದೇ ಹಾಕಿದ್ರೆ ಚೆನ್ನಾಗ್ ಹಾಡ್ತೀಯ, ಎರಡೂ ಸೇರಿದ್ರೆ ಕೆಡ್ತೀಯಲ್ಲ' ಎಂದೆ. ನಗು, ನೀನು ನಗು. ಅವನು ಥಟ್ಟನೆ ನಿಂತ. ಬಗ್ಗಿ ಆ ಗುಂಡಿಯನ್ನು ತಾನೇ ಆ ಕಡೆ ಈ ಕಡೆ ತಿರುಗಿಸಿ ಹಣೆ ಚಚ್ಚಿಕೊಂಡ. ಬಲಗಡೆ ಬಾಗಿಲಿನ ಹಲಗೆ ಬಿಚ್ಚಿ ಎರಡು ವೈರು ಅದಲುಬದಲು ಮಾಡಿದ, ಅಷ್ಟೇ. ದಾಸರು ಬಂದರು, ಮೃದಂಗ ಬಂತು, ತಾಳದ ಕಿಣಿಕಿಣಿ ಬಂತು. ಆಮೇಲೆ ಅವನು ಬಾನೆಟ್ಟಿನ ಕಡೆ ತಿರುಗಿ, 'ಒಂದಕ್ಕೆ ವೈರು ಉಲ್ಟಾ ಕೊಟ್ಟಿದ್ದೆ ಕಾರೇ. ಒಂದು ಮುಂದಕ್ಕೆ ತಳ್ಳೋವಾಗ ಇನ್ನೊಂದು ಹಿಂದಕ್ಕೆ ಎಳೀತಿತ್ತು, ಇಬ್ರೂ ಸೇರಿ ಸದ್ದು ತಿಂದ್ಹಾಕ್ತಿದ್ರು' ಎಂದ. ನನಗೆ ಹುಟ್ಟಿದವನೇ, ಅನುಮಾನವಿಲ್ಲ.

ಉಳಿದದ್ದು ಎಡಗಡೆಯ ಜುರ್, ನೀನು ಯಾವಾಗಲೂ ಕೂರುವ ಬಾಗಿಲು. ಅದರ ಹಲಗೆಯನ್ನೂ ಬಿಚ್ಚಿ ಅವನು ಮೊಣಕೈ ತನಕ ಕೈ ತೂರಿಸಿ ತಡಕಾಡಿದ. ನಾನು ಟಾರ್ಚು ಹಿಡಿದೆ, ಹಿಡಿ ಎಂದು ಯಾರೂ ಹೇಳಿರಲಿಲ್ಲ. ಬಾಗಿಲ ಜೇಬಿನ ಬಟ್ಟೆ ಹರಿದು, ಅದರಲ್ಲಿದ್ದದ್ದು ಏನೋ ಒಳಕ್ಕೆ ಬಿದ್ದು, ಹೊಸ ಸ್ಪೀಕರಿನ ಬೆನ್ನಿಗೂ ತಗಡಿಗೂ ನಡುವೆ ಸಿಕ್ಕಿಕೊಂಡಿತ್ತು. ಅವನು ಎರಡು ಬೆರಳಿನಲ್ಲಿ ಹೊರಗೆಳೆದ. ಅರಿಶಿನದ ಬಟ್ಟೆಯ ಪುಟ್ಟ ಗಂಟು, ಒಳಗೆ ನಾಣ್ಯ. ತಿರುಪತಿ ತಿಮ್ಮಪ್ಪನಿಗೆ ಹರಕೆ ಹೊತ್ತು ಕಟ್ಟಿದ ಮುಡಿಪು. ಬಟ್ಟೆ ನಿನ್ನ ಹಳೇ ಸೀರೆಯದು, ಗಂಟೂ ನಿನ್ನದೇ, ಉಪ್ಪಿನಕಾಯಿ ಜಾಡಿಯ ಬಾಯಿಗೂ ನೀನು ಹೀಗೇ ಸುತ್ತಿ ಸುತ್ತಿ ಬಿಗಿಯುತ್ತೀಯ. ಮುಡಿಪನ್ನು ದೇವರ ಮನೆಯಲ್ಲಿಡದೆ ಕಾರಿನ ಬಾಗಿಲಿನಲ್ಲಿ ಯಾರಾದರೂ ಇಡುತ್ತಾರಾ? ದೇವರ ಮನೆಯಲ್ಲಿಟ್ಟರೆ 'ಇದ್ಯಾವ ಹರಕೆನೇ' ಎಂದು ನಾನು ಕೇಳಿಯೇ ಕೇಳುತ್ತೇನೆ ಎಂದು ನಿನಗೆ ಗೊತ್ತು. ಅಪ್ಪ ಮಗ ಇಬ್ಬರೂ ಕೂರುವ ಜಾಗ ಎಂದು ಅಲ್ಲಿಟ್ಟೆಯೋ ಏನೋ. ಅವನು ನನ್ನ ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ. ಬೀದಿಯಲ್ಲೇ ಚಪ್ಪಲಿ ಬಿಟ್ಟು, ಎರಡು ಕೈ ಒಡ್ಡಿ ಈಸಿಕೊಂಡು, ಒಳಗೆ ತಂದು ದೇವರ ಮುಂದೆ ಇಟ್ಟೆ. ಅವನು ಕೈಕಾಲು ತೊಳೆದುಕೊಂಡು ಬಂದು ದೀಪ ಹಚ್ಚಿದ.

ಯಾತಕ್ಕೆ ಹೊತ್ತ ಹರಕೆ ಎಂದು ನಾನು ಕೇಳುವುದಿಲ್ಲ. ತೀರುವ ಮೊದಲು ಹರಕೆಯನ್ನು ಬಾಯಿಬಿಟ್ಟು ಹೇಳಬಾರದು, ನೀನೂ ಹೇಳಬೇಡ. ಯಶಶ್ರೀಯ ಹೆರಿಗೆಗೆ ಇರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದಕ್ಕಾದರೆ ಬಚ್ಚಿಡುವ ಅಗತ್ಯವೇನಿತ್ತು? ನಾನು ದಡ್ಡ ಇರಬಹುದು, ಅಷ್ಟು ದಡ್ಡನಲ್ಲ. ನನ್ನ ಸಂಕಟ ಬೇರೆ. ಹಾಡು ಚೆನ್ನಾಗಿ ಕೇಳಲಿ ಎಂದು, ಹರಕೆ ತೀರುವ ಮುಂಚೆಯೇ ಮುಡಿಪನ್ನು ಇಟ್ಟ ಜಾಗದಿಂದ ಕದಲಿಸಿಬಿಟ್ಟೆವಲ್ಲ! ತಿಮ್ಮಪ್ಪ ಮುನಿಸಿಕೊಂಡರೆ? ನೀನು ಕೇಳಿಕೊಂಡದ್ದು ನಮ್ಮಿಂದಲೇ ಕೈತಪ್ಪಿದರೆ? ನಿನ್ನೆಯಿಂದ ಇದೊಂದೇ ತಲೆ ಕೊರೆಯುತ್ತಿದೆ. ಬೆಳಿಗ್ಗೆ ಅಭಿಯೂ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡು ದೇವರ ಮನೆಯ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದ. ಏನಾದರೂ ಹೇಳೋಣ ಎಂದು ಬಾಯಿ ತೆರೆದೆ, ಕೆಮ್ಮು ಬಂತು, ಅವನು ಬಚ್ಚಲಿಗೆ ಹೋದ. ಕಾರು ರೆಡಿ ಇದೆ, ಕ್ಯಾಸೆಟ್ಟು ರೆಡಿ ಇದೆ. ಬಸ್ಸಿನ ಮಾತನ್ನು ಅವನು ಬಿಟ್ಟನೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳಿ ಹೇಳಲು ನೀನಿಲ್ಲ. ಭಾನುವಾರ ಇಬ್ಬರೂ ಬರುತ್ತೇವೆ ಎಂದು ಬರೆಯಲು ಕೈ ಹೋಗುತ್ತಿಲ್ಲ.

ಬಾಣಂತಿಯ ಕಿವಿಗೆ ಹತ್ತಿ ಇಡುವುದನ್ನು ಮರೆಯಬೇಡ, ಚಳಿ ಶುರುವಾಗಿದೆ. ಅವಳಿಗೂ ಕೂಸಿಗೂ ನನ್ನ ಆಶೀರ್ವಾದ, ಕೂಸಿನ ನೆತ್ತಿಯ ಮೇಲೆ ನನ್ನ ಲೆಕ್ಕದಲ್ಲಿ ಒಂದು ಸಲ ಕೈಯಾಡಿಸು. ಬೀಗರಿಗೂ ಅಳಿಯಂದಿರಿಗೂ ನಮಸ್ಕಾರ ಹೇಳು. ಮಂಡಿಗೆ ಎಣ್ಣೆ ಹಚ್ಚಿಕೋ.

ಇಂತು ನಿನ್ನ
ದೊಡ್ಡಬೈರಪ್ಪ

ತಾ.ಕ.: ಶೀನಣ್ಣ 'ಬಸ್ಸು ಹೋಗ್ತದೆ ಅಣ್ಣಾ' ಎಂದು ಬಾಗಿಲಲ್ಲಿ ಕುಣಿಯುತ್ತಿದ್ದಾನೆ, ಅಂಟಿಸಿದ ಕವರನ್ನು ಹರಿದು ಬರೆಯುತ್ತಿದ್ದೇನೆ. ಈಗ ತಾನೇ ಅಭಿ ಮುಡಿಪನ್ನು ಅಂಗೈಯಲ್ಲಿಟ್ಟುಕೊಂಡು ಬಂದು ನನ್ನ ಮುಂದೆ ನಿಂತ. ಮಧ್ಯೆ ಮೇಷ್ಟ್ರೂ ಇರಲಿಲ್ಲ, ಕಾರೂ ಇರಲಿಲ್ಲ. 'ಅಪ್ಪಾ, ಅಮ್ಮ ಏನ್ ಕೇಳ್ಕೊಂಡಿದ್ಲೋ ಏನೋ. ಬಾಗ್ಲು ಜುರ್ ಅಂದ್ರೆ ಅನ್ಲಿ, ಇದನ್ನ ಅಲ್ಲೇ ವಾಪಸ್ ಇಟ್ಬಿಡ್ಲಾ?' ಎಂದ. 'ಬ್ಯಾಡ ಕಣ್ಲಾ ಅಭಿ, ಅಲ್ಲಿ ಅದ್ರ ಕೆಲ್ಸ ಮುಗೀತು' ಎಂದೆ. ಭಾನುವಾರ ಒಂದೇ ಕಾರಿನಲ್ಲಿ ಬರುತ್ತಿದ್ದೇವೆ, ಮುಡಿಪನ್ನೂ ತರುತ್ತಿದ್ದೇವೆ. ತಿರುಪತಿಗೆ ಹೋಗುವ ದಿನ ನೀನೇ ಗೊತ್ತುಮಾಡು.