ಶೀಬಾಳ ದನಿಯ ಮೇಲೊಂದು ಗುಮಾನಿ

ಮಾರ್ಚ್ ೧೪, ಶುಕ್ರವಾರ

ನನ್ನ ಡೈರಿಯ ಮಹಾಸಭೆಯ ಮಹನೀಯರೇ, ಮಹಿಳೆಯರೇ, ಮಂಚದಡಿಯ ಸೊಳ್ಳೆಗಳೇ! ಟೀವಿ ಸ್ಪರ್ಧೆಯಲ್ಲಿ ವಚನ ಹಾಡಿ ಗೆದ್ದ ನಮ್ಮ ಕುಂದಲಹಳ್ಳಿಯ ಶೀಬಾ ಮೊದಲ ಆಲ್ಬಂ ತಂದಿದ್ದಾಳೆ. ಪೂರ್ತಿ ಯೇಸುವಿನ ಹಾಡು, ಗಿಟಾರು, ಡ್ರಮ್ಸು. ಅಂದು "ನಮ್ಮ ಹುಡುಗಿ" ಎಂದು ವೋಟು ಒತ್ತಿದ ಅಪಾರ್ಟ್‌ಮೆಂಟೇ ಇಂದು ಲಿಫ್ಟಿನಲ್ಲಿ ಪಿಸುಗುಟ್ಟುತ್ತಿದೆ.

"ಅವತ್ತು ಕಣ್ಮುಚ್ಕೊಂಡು ಹಾಡಿದ್ದು ಬರೀ ನಾಟ್ಕ ಕಣ್ರೀ," ಎಂದರು ಮೇಲಿನ ಮನೆಯ ವಿನಾಯಕ್.

ನನಗೂ ಅದೇ ಗುಮಾನಿ. ಸಂಜೆಯಿಂದ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದೇನೆ. 'ಕರುಣೆ'ಗೆ ಪ್ರಾಸವಾಗಲೆಂದು ಯಾರೋ 'ಧರಣಿ'ಯನ್ನು 'ಧರಣೆ' ಮಾಡಿದ್ದಾರೆ. ಭೂಮಿತಾಯಿ ಕ್ಷಮಿಸಲಿ, ನಾನಂತೂ ಕ್ಷಮಿಸೆ.

"ಪತ್ತೇದಾರಿಕೆ ಮುಗೀತೇನ್ರೀ? ಸುಳ್ಳು ಸಿಕ್ತಾ?" ಎಂದಳು ಹೆಂಡತಿ ಉಮಾಶ್ರೀ, ಊಟದ ತಟ್ಟೆ ಎತ್ತುತ್ತ.

"ಹುಡುಕ್ತಿದ್ದೀನಿ ಕಣೇ."

ದನಿ ಎಲ್ಲಾದರೂ ಪೊಳ್ಳಾದೀತೆಂದು ಕಿವಿಗೊಟ್ಟೇ ಇದ್ದೇನೆ. ವಚನದಲ್ಲಿ ನಡುಗಿದ ಹಾಗೆಯೇ ಇಲ್ಲೂ ನಡುಗುತ್ತದೆ. ಎರಡರಲ್ಲಿ ಯಾವುದು ನಟನೆ?

ಸಭೆ ಸಾಕು. ಅವ್ವ ಹೋದಾಗ ಹೆಗಲು ಕೊಟ್ಟೆ, ಬಂದವರಿಗೆ ಬಡಿಸಿದೆ, ಕಣ್ಣು ಒಣಗಿಯೇ ಇತ್ತು. ಆ ವಾರ ಟೀವಿಯಲ್ಲಿ ಶೀಬಾ ವಚನ ಹಾಡಿದಾಗ ಬಿಕ್ಕಿ ಬಿಕ್ಕಿ ಅತ್ತೆ. ಅದು ನಾಟಕವಾಗಿದ್ದರೆ, ಅವ್ವನಿಗಾಗಿ ನಾನು ಅತ್ತೇ ಇಲ್ಲ.