ಫೋನ್ ನಂಬರಿನ ಪಕ್ಕದ ಚೌಕ

ರೂಸೆ
೧೬ ಮೇ ೨೦೨೩

ನನ್ನ ಮಿಗ್ಲೆನಾ,

ಹದಿನಾಲ್ಕು ತಿಂಗಳಿಂದ ಒಂದು ಸಾಲೂ ಬರೆಯದವಳು ಇವತ್ತು ಬರೆಯುತ್ತಿದ್ದೇನೆ. ಸಿಟ್ಟಿದ್ದರೂ ಪೂರ್ತಿ ಓದು.

ನಮ್ಮ ಲೆಕ್ಕಪತ್ರ ಕಚೇರಿಯ ವೆಬ್‌ಸೈಟಿಗೆ ಚಾಟ್ ವಿಜೆಟ್, ಗಿರಾಕಿಗಳು ಬರೆದು ಮಾತಾಡುವ ಆ ಪುಟ್ಟ ಚೌಕ, ಹಾಕೋಣ ಎಂದು ನೀನು ಎರಡು ವರ್ಷ ಹೇಳಿದೆ. "ಬಾಗಿಲಿದೆ, ಫೋನಿದೆ. ಇನ್ನೇನು ಹೊಗೆಗೂಡಿಂದ ಇಳಿದು ಬರ್ತಾರಾ?" ಎಂದು ನಾನು ಗಿರಾಕಿಗಳ ಮುಂದೆಯೇ ನಿನ್ನನ್ನು ಗೇಲಿ ಮಾಡಿದೆ. ನೀನು ಬೀಗದ ಕೈ ಮೇಜಿನ ಮೇಲಿಟ್ಟು ವಾರ್ನಾ ಊರಿನ ನಿನ್ನ ತಂಗಿಯ ಮನೆಗೆ ಹೊರಟುಹೋದೆ. ಇಪ್ಪತ್ತು ವರ್ಷ ಜೊತೆಯಾಗಿ ದುಡಿದದ್ದು ಅಲ್ಲಿಗೆ ಮುಗಿಯಿತು.

ಈ ಮಾರ್ಚಿನಲ್ಲಿ ಅದನ್ನು ನಾನೇ ಹಾಕಿದೆ. ಹೊಸ ಗಿರಾಕಿಗಳಿಗಾಗಿ ಎಂದು ಎಲ್ಲರಿಗೂ ಹೇಳಿದೆ. ನಿಜವೆಂದರೆ, ನೀನಿಲ್ಲದ ಕೋಣೆಯಲ್ಲಿ ಯಾರಾದರೂ ಮಾತಾಡಲಿ ಅನ್ನಿಸಿತ್ತು. ಮೂರು ದಿನ ಹೆಣಗಿದೆ. ಮೊದಲ ದಿನ ಆ ಚೌಕ ಪರದೆಯ ಮೇಲೆ ನಮ್ಮ ಫೋನ್ ನಂಬರನ್ನೇ ಮುಚ್ಚಿಕೊಂಡು ಕೂತಿತ್ತು! ಯಾಕೆ ಯಾರೂ ಫೋನ್ ಮಾಡುತ್ತಿಲ್ಲ ಎಂದು ಸಂಜೆಯವರೆಗೆ ಫೋನಿನ ತಂತಿ ಅಲ್ಲಾಡಿಸುತ್ತಿದ್ದೆ. ನಗು, ನಗು.

ಮೊದಲು ಬರೆದವಳು ಡೋಂಕಾ, ಮಣ್ಣಿನ ಪಾತ್ರೆ ಮಾಡುವವಳು. "ನಂಗೆ ಕಿವಿ ಕೇಳ್ಸಲ್ಲ. ಎಲ್ರೂ ಫೋನ್ ಮಾಡಿ ಅಂತಾರೆ. ಇಲ್ಲಿ ಬರೆದ್ರೆ ಉತ್ತರ ಕೊಡ್ತೀರಾ?" ಸ್ವಂತ ಕಾರ್ಯಾಗಾರ ನೋಂದಾಯಿಸುವ ಆಸೆ ಹೊತ್ತು ಆರು ವರ್ಷದಿಂದ ಬೇರೆಯವರ ಬಳಿ ದುಡಿಯುತ್ತಿದ್ದಳು. ಎರಡು ವಾರ ಬರೆದುಕೊಂಡೆವು. ಕಾಗದಪತ್ರ ಕೈಸೇರಿದ ದಿನ ಚೀಸ್ ತುಂಬಿ ಬೇಯಿಸಿದ ಬಿಸಿ ಬಾನಿತ್ಸಾ ಕಟ್ಟಿಕೊಂಡು ಬಂದಳು.

ಮುಖ ನೋಡಿದೊಡನೆ ಗುರುತು ಸಿಕ್ಕಿತು, ಮಿಗ್ಲೆನಾ. ವರ್ಷಗಳ ಹಿಂದೆ ಬಾಗಿಲಿಗೆ ಬಂದು ಕೈಸನ್ನೆ ಮಾಡಿದ್ದಳು. ನಾನು ಅವಸರದಲ್ಲಿ ಕಾರ್ಡು ಕೈಗಿಟ್ಟು, ಅದರಲ್ಲಿದ್ದ ಫೋನ್ ನಂಬರನ್ನು ಬೆರಳಲ್ಲಿ ತೋರಿಸಿ ಕಳಿಸಿದ್ದೆ. ನೀನು ಆ ದಿನ ರಜೆಯಲ್ಲಿದ್ದೆ. ನಿನಗೆ ಹೇಳಲೇ ಇಲ್ಲ.

ಹಾಳೆಯ ಮೇಲೆ ಕ್ಷಮೆ ಕೇಳಿದೆ. ಅವಳು ಕೆಳಗೆ ಬರೆದಳು: "ನಂಗೂ ನೆನಪಿದೆ. ಅದಕ್ಕೇ ಮೊದ್ಲು ನಿಮ್ಗೇ ಬರೆದೆ, ಈಗೇನಂತಾರೆ ನೋಡೋಣ ಅಂತ. ತಣ್ಣಗಾಗುತ್ತೆ, ತಿನ್ನಿ." ಜೋರಾಗಿ ನಕ್ಕಳು. ನಾನೂ ಒಂದು ತುಂಡು ಮುರಿದು ತಿಂದೆ.

ಈಗ ಅವಳ ಹಾಗೇ ಕಿವಿ ಕೇಳದ ಐವರು ಗೆಳತಿಯರೂ ನಮ್ಮ ಗಿರಾಕಿಗಳು. ಇದು ಯಾರ ಯೋಚನೆ ಎಂದು ಕೇಳಿದವರಿಗೆಲ್ಲ ನಿನ್ನ ಹೆಸರು ಬರೆದು ತೋರಿಸುತ್ತೇನೆ. ಕೆಲಸ ಹಿತವಾಗಿದೆ ಕಣೇ. ನಾನು ಚೆನ್ನಾಗಿದ್ದೇನೆ, ಸುಳ್ಳಲ್ಲ.

ನಿನ್ನ ಮೊಂಡಿ,
ರೊಸಿತ್ಸಾ

ತಾ.ಕ.: ಭೇಟಿಯ ಸಮಯ ಕಾದಿರಿಸುವ ವಿಜೆಟನ್ನೂ ಮೊನ್ನೆ ಸೇರಿಸಿದೆ. ಸರಿಯಿದೆಯೇ ಎಂದು ಪರೀಕ್ಷಿಸಲು ಮುಂದಿನ ಸೋಮವಾರ ಹತ್ತು ಗಂಟೆಗೆ ನಿನ್ನ ಹೆಸರು ಹಾಕಿದೆ. ರದ್ದು ಮಾಡುವುದು ಹೇಗೆಂದು ಗೊತ್ತು. ಮಾಡಿಲ್ಲ.