ಮುಚ್ಚಳದ ಮೇಲಿನ ದೊರಗು

6 ಜೂನ್ 1999, ಭಾನುವಾರ. ಬೆಳಿಗ್ಗೆ 10.20

ಮುಐದರ್, ಕೊಲ್ಲಿ ನಾಡು. ಹೊರಗೆ ನಲವತ್ತನಾಲ್ಕು ಡಿಗ್ರಿ. ಅಝರ್ ಸೈಟಿನಲ್ಲಿ. ನಮ್ಮ ಮಗಳು ಶಾಹಿನಾ ನೆಲದ ಮೇಲೆ ಬೋರಲಾಗಿ ಮಲಗಿ ಆನೆಗೆ ಹಸಿರು ಬಳಿಯುತ್ತಿದ್ದಾಳೆ. ಅಝರ್‌ನ ಆಫೀಸಿನ ಕೊಟೇಶನ್ ಹನ್ನೊಂದು ಪುಟ ಟೈಪ್ ಆಯಿತು. ಇನ್ನು ಆರು.

ಲ್ಯಾಪ್‌ಟಾಪಿನ ಲೋಹದ ಮುಚ್ಚಳ ಇವತ್ತೂ ಹಾಗೇ. ಬೆರಳು ಸುಮ್ಮನೆ ಇಟ್ಟರೆ ಏನಿಲ್ಲ. ಜಾರಿಸಿದರೆ ದೊರಗು — ನಯವಾದ ಲೋಹ ಒಮ್ಮೆಲೇ ಮರಳು ಕಾಗದವಾದ ಹಾಗೆ. ಮಣಿಕಟ್ಟಿನ ಒಳಬದಿ ತಾಗಿದರೆ ಚುರುಕ್. ನಾನು ಓದುವ ಅನುವಾದಗಳಲ್ಲಿ ಎಲ್ಲದಕ್ಕೂ 'ಮೈ ಜುಮ್ಮೆಂದಿತು' ಎಂದು ಹಾಕುತ್ತಾರೆ. ಪ್ರೇಮಕ್ಕೂ ಅದೇ, ಹೆಣ ಕಂಡಾಗಲೂ ಅದೇ. ಇದು ಅದಲ್ಲ. ಇದರಲ್ಲಿ ಭಾವನೆಯೇ ಇಲ್ಲ.

ಮಧ್ಯಾಹ್ನ 2

ಊಟಕ್ಕೆ ಬಂದ ಅಝರ್ ಮುಚ್ಚಳದ ಮೇಲೆ ಅಂಗೈ ಸವರಿದರು.

"ಎಂತದ್ದೂ ಇಲ್ಲ ನುಸೈಬಾ. ನಿನ್ನ ನರ ವೀಕ್. ಬಿ-ಕಾಂಪ್ಲೆಕ್ಸ್ ತಗೊ."

ಕಾಲಲ್ಲಿ ಸೇಫ್ಟಿ ಶೂ ಇತ್ತು. ಬಿಚ್ಚಿರಲಿಲ್ಲ.

8 ಜೂನ್, ಮಂಗಳವಾರ

ಬರಿಗಾಲು, ಟೈಲ್ಸ್ ಮೇಲೆ — ಇದೆ. ಚಪ್ಪಲಿ ಹಾಕಿ — ಇಲ್ಲ. ಕಾಲು ಮಡಚಿ ಮಂಚದ ಮೇಲೆ — ಇಲ್ಲ. ಪ್ಲಗ್ ಕಿತ್ತು ಬ್ಯಾಟರಿಯಲ್ಲಿ — ಇಲ್ಲ.

ಹಾಗಾದರೆ ನರ ಅಲ್ಲ.

ಇನ್ನೊಂದು. ಇದೇ ಮನೆಯಲ್ಲಿರುವ ಮೊಯ್ದಿನ್ ಮಾಮನ ರೂಮಿನ ಎಸಿ ಓಡುವಾಗ ಚುರುಕು ಜಾಸ್ತಿ; ನಮ್ಮ ಎಸಿ ಓಡಿದರೆ ಹೆಚ್ಚುವುದಿಲ್ಲ. ಮೂರು ಸಲ ನೋಡಿದೆ. ಅವರ ರೂಮಿಗೂ ನಮ್ಮದಕ್ಕೂ ನಡುವೆ ಇರುವುದು ಪ್ಲೈವುಡ್ ಅಷ್ಟೆ; ಎಸಿ ಶುರುವಾದದ್ದು ಗೋಡೆಯ ಅದುರಿನಲ್ಲೇ ತಿಳಿಯುತ್ತದೆ. ಅಝರ್‌ಗೆ ಹೇಳಿದೆ. ನಕ್ಕರು. ಆದರೆ ಶುಕ್ರವಾರ ಕಂಪೆನಿಯ ಎಲೆಕ್ಟ್ರಿಷಿಯನ್ ಫಿಡೆಲಿಸ್‌ನನ್ನು ಊಟಕ್ಕೆ ಕರೆಯುತ್ತಾರಂತೆ.

11 ಜೂನ್, ಶುಕ್ರವಾರ. ಸಂಜೆ 5

ಬಿರಿಯಾನಿಗೆ ಮೊದಲೇ ಫಿಡೆಲಿಸ್ ಟೆಸ್ಟರ್ ತೆಗೆದರು. ಲ್ಯಾಪ್‌ಟಾಪ್ ಮುಚ್ಚಳಕ್ಕೆ ಇಟ್ಟರು — ಅದರ ಪುಟ್ಟ ದೀಪ ಉರಿಯಿತು. ಫ್ರಿಜ್ಜಿಗೆ — ಉರಿಯಿತು. ವಾಷಿಂಗ್ ಮೆಷಿನ್ನಿಗೂ.

ಕಾರಿಡಾರಿನ ಬೋರ್ಡ್ ಬಿಚ್ಚಿದರು. ಅರ್ತಿಂಗ್ ವಯರ್ ಸ್ಕ್ರೂನಿಂದ ಹೊರಗೆ. ತುದಿಗೆ ಕಪ್ಪು ಟೇಪ್, ಬಹಳ ನೀಟಾಗಿ.

"ಯಾರು ಮಾರಾಯ್ರೇ ಈ ಪುಣ್ಯದ ಕೆಲಸ ಮಾಡಿದ್ದು?"

"ನಾನೇ," ಎಂದರು ಮಾಮ. "ಹೋದ ಸೆಕೆಗಾಲದಲ್ಲಿ ದಿನಾ ಟ್ರಿಪ್ ಆಗ್ತಿತ್ತು. ಇದನ್ನು ತೆಗೆದೆ, ಖಲಾಸ್. ಒಂದು ವರ್ಷದಿಂದ ಒಂದು ಟ್ರಿಪ್ ಉಂಟಾ ಹೇಳು?"

"ಮೊಯ್ದಿನಾಕ, ಈ ಬ್ರೇಕರಿಗೆ ಕಣ್ಣು ಅಂತ ಇರುವುದೇ ಈ ವಯರು. ನೀವು ಕಣ್ಣು ಕಿತ್ತು ಕಳ್ಳ ಬರುದಿಲ್ಲ ಅಂತ ಕೂತಿದ್ದೀರಿ."

ಫಿಡೆಲಿಸ್ ವಯರ್ ಕೂಡಿಸಿದರು. ಮನೆಯಿಡೀ ಆಫ್. ಮಾಮನ ಎಸಿ ಪ್ಲಗ್ ಕಿತ್ತು ಬ್ರೇಕರ್ ಮತ್ತೆ ಮೇಲೆತ್ತಿದರು. ಈ ಸಲ ಬೀಳಲಿಲ್ಲ. ಎಸಿ ಪ್ಲಗ್ ಚುಚ್ಚಿದರು — ಮತ್ತೆ ಆಫ್.

ಫಿಡೆಲಿಸ್ ಹೇಳಿದ್ದು: ಕರೆಂಟ್ ಸೋರುವುದು ಆ ಎಸಿಯಲ್ಲಿ. ಮನೆಯ ಎಲ್ಲ ಲೋಹದ ಸಾಮಾನೂ ಅದೇ ಅರ್ತಿಂಗ್ ವಯರಿನಿಂದ ಒಂದಕ್ಕೊಂದು ಕಟ್ಟಿಕೊಂಡಿದೆ. ಕರೆಂಟಿಗೆ ನೆಲಕ್ಕೆ ಇಳಿಯಲು ದಾರಿ ಇಲ್ಲ, ಹಾಗಾಗಿ ಮುಟ್ಟಿದವರ ಮೂಲಕ ಇಳಿಯುತ್ತದೆ. "ಲ್ಯಾಪ್‌ಟಾಪ್ ಚುರುಕ್ ಅಂದದ್ದು ಒಳ್ಳೆದಾಯ್ತು ಅಕ್ಕಾ. ಸೋರುವುದು ಇನ್ನೂ ಜಾಸ್ತಿ ಆದರೆ ಫ್ರಿಜ್ಜು ಚುರುಕ್ ಅನ್ನುವುದಿಲ್ಲ, ಹಿಡಿದುಕೊಳ್ತದೆ."

ಅಷ್ಟರಲ್ಲಿ ದಮ್ಮಿನ ಕಾಯಿಲೆಯ ಆಯಿಷಮ್ಮ ಮಾಮಿಯ ಉಸಿರು ಕೇಳತೊಡಗಿತ್ತು. ಸೀಟಿ ಊದಿದ ಹಾಗೆ. ಎಸಿ ನಿಂತು ಹತ್ತು ನಿಮಿಷವೂ ಆಗಿರಲಿಲ್ಲ. ಮಾಮ ಸ್ಟೂಲ್ ಹತ್ತಿ ಅರ್ತಿಂಗ್ ಬಿಚ್ಚಿದರು. ಟೇಪ್ ಸುತ್ತಿದರು. ಎಸಿ ಓಡಿತು. ಯಾರೂ ತಡೆಯಲಿಲ್ಲ. ನಾನೂ.

ಬಿರಿಯಾನಿ ಎಲ್ಲರೂ ತಿಂದರು.

13 ಜೂನ್

ಮಾಮ ಸೂಕ್ ಮಾರುಕಟ್ಟೆಯಿಂದ ರಬ್ಬರ್ ಚಪ್ಪಲಿ ತಂದರು. ಐದು ಜೊತೆ. ಶಾಹಿನಾಳದ್ದರ ಮೇಲೆ ಬಾತುಕೋಳಿ ಚಿತ್ರ.

"ಯಲ್ಲಾ, ಎಲ್ಲರೂ ಹಾಕಿ. ಈಗ ಕರೆಂಟ್ ಬರ್ಲಿ ನೋಡುವ!"

ಹೊಸ ಎಸಿ ತರಬಹುದಲ್ಲ ಎಂದು ಅಝರ್ ಮೆಲ್ಲಗೆ ಕೇಳಿದರು. ಮಾಮನ ಮುಖ ಸಣ್ಣದಾಯಿತು. "ಅದನ್ನು ನಾನು ಬಿಚ್ಚಿ ಜೋಡಿಸಿದ್ದು ಎಷ್ಟು ಸಲ ಗೊತ್ತುಂಟಾ? ಅದಕ್ಕೆ ಎಂತ ಆಗಿದೆ?"

ನಮ್ಮ ಮೂವರ ವೀಸಾಕ್ಕೂ ಕಫೀಲನ — ವೀಸಾ ಕೊಡಿಸುವ ಅರಬಿ ಯಜಮಾನನ — ಮನೆಬಾಗಿಲಲ್ಲಿ ನಿಂತವರು ಮಾಮ. ಅಝರ್‌ನ ತಾಯಿಯ ಅಣ್ಣ. ಅವರ ಎದುರು ಇವರ ದನಿ ಏಳುವುದಿಲ್ಲ.

ಚಪ್ಪಲಿ ಹಾಕಿ ಟೈಪ್ ಮಾಡಿದೆ. ಚುರುಕಿಲ್ಲ. ಅದೇ ಹೆಚ್ಚು ಹೆದರಿಕೆ.

22 ಜೂನ್, ಮಂಗಳವಾರ

ಎಂಟು ದಿನ ಏನೂ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ.

ಇವತ್ತು ಸ್ನಾನ ಮಾಡಿಸಿ ಟವೆಲ್ ತರಲು ತಿರುಗಿದೆ. ಶಾಹಿನಾ ಒದ್ದೆ ಮೈಯಲ್ಲಿ, ಬರಿಗಾಲಲ್ಲಿ ಓಡಿ ಫ್ರಿಜ್ಜಿನ ಹಿಡಿ ಹಿಡಿದಳು. ಕೂಗಲಿಲ್ಲ. ಅದೇ ನೆನಪಾಗುತ್ತಿದೆ, ಕೂಗಲಿಲ್ಲ. ಬಾಯಿ ತೆರೆದಿತ್ತು. ಒದ್ದೆ ಕೈ ಜಾರಿ ಹಿಂದಕ್ಕೆ ಬಿದ್ದಳು. ಬಿದ್ದ ಮೇಲೆ ಅತ್ತಳು.

ಕೈಯಲ್ಲಿ ಗುರುತಿಲ್ಲ. ಸಂಜೆ ಎರಡು ದೋಸೆ ತಿಂದಳು. ಮಾಮ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಣ್ಣೊರೆಸಿಕೊಂಡರು. ಆಮೇಲೆ ಫ್ರಿಜ್ಜಿನ ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿದರು.

ಎಸಿ ಆಫ್ ಮಾಡಲಿಲ್ಲ. ಮಾಮಿ ಹೊರಗೆ ಬರಲಿಲ್ಲ. ಪ್ಲೈವುಡ್ಡಿನ ಆಚೆಯಿಂದ, "ಮೋಳೇ, ಮಗುಗೆ ಎಂತಾಯ್ತು?" ಎಂದು ಕೇಳಿದರು. "ಬಿದ್ದಳು ಮಾಮಿ" ಎಂದೆ.

23 ಜೂನ್

ಅಝರ್: "ಅಷ್ಟು ಹೆದರಿಕೆ ಆದ್ರೆ ನೀನು, ಮಗು ಊರಿಗೆ ಹೋಗಿ. ಟಿಕೆಟ್ ಮಾಡ್ತೇನೆ. ಮಾಮನಿಗೆ ನಾನು ಹೇಗೆ ಹೇಳ್ಲಿ?"

ಜಗಳ ಅಲ್ಲ. ಅವರ ಕಣ್ಣಲ್ಲೂ ನೀರಿತ್ತು.

27 ಜೂನ್, ಭಾನುವಾರ. ಸಂಜೆ 5.40

ಬೆಳಿಗ್ಗೆ ಫಿಡೆಲಿಸ್‌ಗೆ ಫೋನ್ ಮಾಡಿದೆ. "ಎಸಿ ಇಲ್ಲದಿದ್ದರೆ ಐದು ನಿಮಿಷದ ಕೆಲಸ ಅಕ್ಕಾ. ಎಸಿ ಇದ್ದರೆ ನಾನು ಕೂಡಿಸುವುದು, ಮೊಯ್ದಿನಾಕ ಬಿಚ್ಚುವುದು."

ಟ್ಯೂಬ್ ಸುತ್ತಿದ್ದು ಸಡಿಲವಾಗಿದೆ. ಬಾತುಕೋಳಿ ಚಪ್ಪಲಿ ಒಂದು ಕಾಲಿನದ್ದು ಎಲ್ಲೋ ಕಾಣುತ್ತಿಲ್ಲ.

ತೀರ್ಮಾನಿಸಿದೆ. ನಾಳೆ ಏಳಕ್ಕೆ ಗಂಡಸರಿಬ್ಬರೂ ಹೋಗುತ್ತಾರೆ. ಏಳೂಕಾಲಿಗೆ ಮಾಮಿಯನ್ನು ನಮ್ಮ ರೂಮಿಗೆ ಕರೆತಂದು ನಮ್ಮ ಮಂಚದಲ್ಲಿ ಮಲಗಿಸುವುದು. ನಮ್ಮ ಎಸಿ ಹಾಕುವುದು, ರೂಮು ತಣ್ಣಗಾಗುವವರೆಗೆ ಪಕ್ಕದಲ್ಲಿ ಕೂರುವುದು. ಆಮೇಲೆ ಅವರ ರೂಮಿಗೆ ಹೋಗಿ ಸ್ವಿಚ್ ಆಫ್, ಪ್ಲಗ್ ಹೊರಗೆ, ವಯರ್ ಕತ್ತರಿಸುವುದು. ಪ್ಲಗ್ಗಿನ ಹತ್ತಿರ ಅಲ್ಲ — ಮಾಮ ಹತ್ತು ನಿಮಿಷದಲ್ಲಿ ಹೊಸ ಪ್ಲಗ್ ಹಾಕುತ್ತಾರೆ. ಒಳಗಿನ ಜಾಲರಿ ತೆಗೆದು, ಬುಡದಲ್ಲಿ, ಸಿಕ್ಕಿದ ವಯರೆಲ್ಲ. ನಂತರ ಫಿಡೆಲಿಸ್ ಬಂದು ಅರ್ತಿಂಗ್ ಕೂಡಿಸುವುದು.

ಅಝರ್‌ಗೆ ಹೇಳಿಲ್ಲ. ಎರಡು ಗಂಟೆಗೆ ಮಾಮ ಊಟಕ್ಕೆ ಬರುತ್ತಾರೆ. ಟಿಕೆಟ್ ಮಾಡಿದರೆ ಮಾಡಲಿ. ಆ ಎಸಿ ಮಾತ್ರ ಇನ್ನು ಓಡಬಾರದು.

ಕತ್ತರಿ ಸಾಲದು. ಮಾಮನ ಟೂಲ್ ಬಾಕ್ಸಿನಿಂದ ಕಟಿಂಗ್ ಪ್ಲಯರ್ ತೆಗೆದು ಅಕ್ಕಿ ಡಬ್ಬದಲ್ಲಿಟ್ಟಿದ್ದೇನೆ.

ಗೋಡೆ ಅದುರುತ್ತಿದೆ. ಮಾಮಿಗೆ ನಿದ್ದೆ ಹತ್ತಿದೆ, ಉಸಿರು ಸಲೀಸು. ನಾಳೆ ಎಬ್ಬಿಸಿ ಏನು ಹೇಳಲಿ? ಮಾಮಿ, ಏಳಿ, ನಮ್ಮ ರೂಮಿಗೆ —